ಬರಿಗೈಯಲ್ಲಿ ಕಳುಹಿಸಬಾರದು



ಸಂಘದ ಉಳಿತಾಯ, ಸಾಲದ ಲೆಕ್ಕ ಮುಗಿಸಿ ಕೂತಿರುವ ನಿಮ್ಮ ಮುಂದೆ ಬೈಬಲ್ಲಿನ ಕತೆ ತೆಗೆದರೆ ಕೆಲವರಿಗೆ ಅನುಮಾನ ಬರಬಹುದು. ಯಾರ ಮತವನ್ನೂ ಬದಲಿಸಲು ನಾನು ಬಂದಿಲ್ಲ. ಮೂವತ್ತು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಹುಟ್ಟಿ ಬೆಳೆದದ್ದು ಕ್ರೈಸ್ತರ ಮನೆಯಲ್ಲಿ. 'ಬಿಡುಗಡೆ' ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಚಳವಳಿಯಲ್ಲಲ್ಲ, ಚರ್ಚಿನ ಬೆಂಚಿನ ಮೇಲೆ. ಆ ಮಾತನ್ನು ಹೆಂಗಸರಿಗೆ ಹೇಳುವಾಗ ಅರ್ಧಕ್ಕೇ ನಿಲ್ಲಿಸುತ್ತಾರೆ ಎಂಬುದು ನನ್ನ ತಕರಾರು.

ನನ್ನ ದೊಡ್ಡಪ್ಪನ ಮಗಳು ಮದುವೆಯಾದ ಎರಡನೇ ವರ್ಷ ಬಾತುಕೊಂಡ ಕೈ ಹಿಡಿದುಕೊಂಡು ಸಭಾಪಾಲಕರ ಮನೆಗೆ ಹೋದಳು. ಅವರು ಕೆಟ್ಟವರಲ್ಲ. ಕೂರಿಸಿ ಚಹಾ ಕೊಟ್ಟರು, ಪ್ರಾರ್ಥನೆ ಮಾಡಿದರು. ಆಮೇಲೆ ಹೇಳಿದರು: "ನಾವೆಲ್ಲ ಪಾಪಿಗಳೇ ಅಮ್ಮ. ನಿನ್ನಲ್ಲೂ ಏನು ತಪ್ಪಿದೆ ನೋಡಿಕೋ. ಕ್ಷಮಿಸು, ಶಿಲುಬೆ ಹೊತ್ತುಕೋ." ಅಕ್ಕ ವಾಪಸು ಹೋಗಿ ಇನ್ನೂ ಒಂಬತ್ತು ವರ್ಷ ಹೊತ್ತಳು.

ಆ ಗ್ರಂಥದಲ್ಲೇ ಏನಿದೆ ನೋಡೋಣ. ಅದರ ಎರಡನೇ ಪುಸ್ತಕಕ್ಕೆ ಕನ್ನಡದಲ್ಲಿ 'ವಿಮೋಚನಕಾಂಡ' ಎಂದು ಹೆಸರು. ಐಗುಪ್ತ ದೇಶದಲ್ಲಿ ಇಬ್ರಿಯ ಜನ ಗುಲಾಮರು. ಫರೋಹನಿಗಾಗಿ ಇಟ್ಟಿಗೆ ಮಾಡಿ ಪಿತೋಮ್, ರಾಮ್ಸೇಸ್ ಎಂಬ ಉಗ್ರಾಣದ ಪಟ್ಟಣ ಕಟ್ಟಬೇಕು. ಮುಂದೆ ಹುಲ್ಲನ್ನೂ ಅವರೇ ಹುಡುಕಿ ತರಬೇಕು, ಇಟ್ಟಿಗೆಯ ಲೆಕ್ಕ ಮಾತ್ರ ಒಂದೂ ಕಡಿಮೆಯಾಗಕೂಡದು ಎಂಬ ಆಜ್ಞೆ ಬೇರೆ. ಇವರ ಸಂಖ್ಯೆ ಬೆಳೆಯುತ್ತಿದೆ ಎಂದು ಹೆದರಿದ ದೊರೆ ಇಬ್ಬರು ಸೂಲಗಿತ್ತಿಯರನ್ನು ಕರೆಸಿ, ಗಂಡು ಹುಟ್ಟಿದರೆ ಕೊಲ್ಲಿ, ಹೆಣ್ಣಾದರೆ ಬದುಕಲಿ ಎಂದ. (ನಮ್ಮಲ್ಲಿ ಈ ಲೆಕ್ಕ ತಿರುಗುಮುರುಗಾಗಿದೆ.) ಶಿಫ್ರಾ, ಪೂವಾ ಅವರ ಹೆಸರು. ಅವರು ಕೊಲ್ಲಲಿಲ್ಲ. ದೊರೆ ಕೇಳಿದಾಗ, ಈ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗಿ ಮುಟ್ಟುವಷ್ಟರಲ್ಲಿ ಹೆತ್ತೇಬಿಡುತ್ತಾರೆ ಎಂದು ಸುಳ್ಳು ಹೇಳಿದರು. ದೇವರು ಆ ಸುಳ್ಳಿಗೆ ಶಿಕ್ಷೆ ಕೊಡಲಿಲ್ಲ, ಅವರಿಗೆ ಒಳ್ಳೆಯದನ್ನೇ ಮಾಡಿದ. ಇನ್ನೊಂದು ಗಮನಿಸಿ. ಆ ದೊರೆಯ ಸ್ವಂತ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ, ಸೂಲಗಿತ್ತಿಯರ ಹೆಸರು ಇದೆ.

ಇತಿಹಾಸದವಳಾಗಿ ಒಂದು ಮಾತು ಸೇರಿಸಬೇಕು. ಈ ಬಿಡುಗಡೆಗೆ ಐಗುಪ್ತದ ಶಾಸನಗಳಲ್ಲಿ ನೇರ ಪುರಾವೆ ಸಿಕ್ಕಿಲ್ಲ. ನಂಬುವವರಿಗೆ ಅದು ದೊಡ್ಡ ತೊಡಕೇನೂ ಅಲ್ಲ.

ನನಗೆ ಮುಖ್ಯವಾಗಿ ಕಾಣುವುದು ಕತೆಯ ಕ್ರಮ. ದೇವರು ಗುಲಾಮರ ಗೋಳನ್ನು ಕೇಳಿದ, ಮೋಶೆಯನ್ನು ಕಳುಹಿಸಿದ, ಸಮುದ್ರ ದಾಟಿಸಿದ. ದಾಟಿದ ಮೇಲೆ ಮೋಶೆಯ ಅಕ್ಕ ಮಿರ್ಯಾಮಳು ದಮ್ಮಡಿ ಹಿಡಿದು ಹೆಂಗಸರನ್ನೆಲ್ಲ ಕುಣಿಸಿದಳು. ಹತ್ತು ಆಜ್ಞೆಗಳು ಬಂದದ್ದು ಅದಾದ ಮೇಲೆ, ಸೀನಾಯಿ ಬೆಟ್ಟದಲ್ಲಿ. ಪೆಟ್ಟು ತಿನ್ನುತ್ತಿದ್ದವರನ್ನು ಮೊದಲು ನಿಲ್ಲಿಸಿ, ನಿನ್ನ ತಪ್ಪೇನು ಹೇಳು ಎಂದು ದೇವರು ವಿಚಾರಣೆ ಮಾಡಲಿಲ್ಲ.

ಹಾಗಾದರೆ ಪಾಪದ ಮಾತು? ಅದೂ ಇದೆ. ಪಾಪ ಮಾಡುವವನು ಪಾಪಕ್ಕೆ ಗುಲಾಮ ಎಂದು ಯೇಸು ಹೇಳಿದ. ಕ್ರಿಸ್ತನ ಬಲಿಯನ್ನು ಹೇಳಲು ಪೌಲ ಬಳಸುವ ಮಾತು ಬೆಲೆ ಕೊಟ್ಟು ಗುಲಾಮರನ್ನು ಬಿಡಿಸುವ ವ್ಯವಹಾರದ್ದು. ಇದು ನನಗೆ ನಿಜವೆನಿಸುತ್ತದೆ. ನಾಳೆಯಿಂದ ಕುಡಿಯಲ್ಲ, ಕೈ ಎತ್ತಲ್ಲ ಎಂದು ಆಣೆ ಇಟ್ಟು ಮಾರನೇ ದಿನವೇ ಮುರಿಯುವ ಗಂಡಸರನ್ನು ನಾವೆಲ್ಲ ಕಂಡಿದ್ದೇವೆ. ಅವನಿಗೂ ಬಿಡುಗಡೆ ಬೇಕು. ಆದರೆ ಅದು ಹೆಂಡತಿಯ ಬೆನ್ನಿನ ಮೇಲೆ ಆಗುವ ಕೆಲಸವಲ್ಲ. ಜಕ್ಕಾಯ ಎಂಬ ಸುಂಕದವನು ಯೇಸುವಿನ ಮುಂದೆ ಬದಲಾದಾಗ ಬರೀ ಅತ್ತು ಸುಮ್ಮನಾಗಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎಂದ. ವರದಕ್ಷಿಣೆ ತಿಂದವರ ಪಶ್ಚಾತ್ತಾಪವನ್ನು ಈ ಅಳತೆಗೋಲಿನಿಂದ ಅಳೆಯಿರಿ.

ಲೂಕನ ಸುವಾರ್ತೆಯಲ್ಲಿ ಹದಿನೆಂಟು ವರ್ಷ ನಡು ಬಾಗಿ, ತಲೆ ಎತ್ತಲಾಗದ ಒಬ್ಬ ಹೆಂಗಸು ಬರುತ್ತಾಳೆ. ಯೇಸು ಆಕೆಯನ್ನು ಕರೆದು, ನಿನಗೆ ಬಿಡುಗಡೆಯಾಯಿತು ಎಂದು ಕೈಯಿಟ್ಟ. ಆಕೆ ನೆಟ್ಟಗಾದಳು. ಸಬ್ಬತ್ ದಿನ ಇದೆಲ್ಲ ಕೂಡದು ಎಂದು ಸಭಾಮಂದಿರದ ಯಜಮಾನನಿಗೆ ಸಿಟ್ಟು. ಯೇಸು ಕೇಳಿದ್ದು ಹಟ್ಟಿಯ ಮಾತು: ಸಬ್ಬತ್ತಿನಲ್ಲೂ ಎತ್ತು, ಕತ್ತೆಯ ಹಗ್ಗ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋಗುವುದಿಲ್ಲವೇ? ಅಬ್ರಹಾಮನ ಮಗಳಾದ ಈಕೆಯ ಕಟ್ಟು ಬಿಚ್ಚಬಾರದೇ? ಆಕೆಯ ಪಾಪದ ವಿಷಯ ಅಲ್ಲಿ ಒಂದಕ್ಷರವೂ ಇಲ್ಲ. ಆ ಸಭಾಪಾಲಕರ ಮನೆಯಲ್ಲಿ ಚಹಾ ಕುಡಿದು ಹೊರಬಂದ ಅಕ್ಕನಿಗೆ ಈ ಪುಟವನ್ನು ಯಾರಾದರೂ ಓದಿ ಹೇಳಿದ್ದರೆ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಪುಟಗಳನ್ನು ಬಚ್ಚಿಡುವುದು ಹೊಸದಲ್ಲ. 1807ರಲ್ಲಿ ಲಂಡನ್ನಿನಲ್ಲಿ, ವೆಸ್ಟ್ ಇಂಡೀಸಿನ ನೀಗ್ರೋ ಗುಲಾಮರಿಗೆಂದೇ ಒಂದು ಬೈಬಲ್ ಅಚ್ಚಾಯಿತು. ಅದರಲ್ಲಿ ಐಗುಪ್ತದಿಂದ ಹೊರಟ ಕತೆಯನ್ನೇ ತೆಗೆದುಹಾಕಿದ್ದರು. ವಿಧೇಯರಾಗಿರಿ ಎಂಬ ಮಾತು ಉಳಿದಿತ್ತು. ಅಮೆರಿಕದ ಕರಿಯ ಚಿಂತಕ ಹೊವರ್ಡ್ ಥರ್ಮನ್ 1936ರಲ್ಲಿ ನಮ್ಮ ದೇಶದಲ್ಲಿ ಗಾಂಧೀಜಿಯನ್ನು ಕಂಡು ಮಾತಾಡಿದವರು. ಅವರ ಅಜ್ಜಿ ಗುಲಾಮಳಾಗಿ ಹುಟ್ಟಿದಾಕೆ, ಓದು ಬಾರದು. ಮೊಮ್ಮಗನಿಂದ ಬೈಬಲ್ ಓದಿಸಿ ಕೇಳುತ್ತಿದ್ದಳು. ಪೌಲನ ಪತ್ರಗಳನ್ನು ಮಾತ್ರ, ಪ್ರೀತಿಯ ಕುರಿತ ಒಂದು ಅಧ್ಯಾಯ ಬಿಟ್ಟರೆ, ಓದಗೊಡುತ್ತಿರಲಿಲ್ಲ. ಯಾಕಜ್ಜಿ ಎಂದು ಮುಂದೆ ಕೇಳಿದಾಗ ಹೇಳಿದಳು: ಧಣಿಯ ಬೋಧಕ ನಮಗೆ ಯಾವಾಗಲೂ ಪೌಲನ 'ದಾಸರೇ, ಒಡೆಯರಿಗೆ ವಿಧೇಯರಾಗಿರಿ' ಎಂಬುದನ್ನೇ ಬೋಧಿಸುತ್ತಿದ್ದ. ಬಿಡುಗಡೆಯಾದರೆ ಆ ಭಾಗ ಓದುವುದಿಲ್ಲ ಎಂದು ಆಗಲೇ ಶಪಥ ಮಾಡಿದ್ದೆ. ಎಂ.ಎ. ಮಾಡಿದ ನನಗೆ ಅಷ್ಟು ಧೈರ್ಯ ಬರಲು ಐವತ್ತು ವರ್ಷ ಬೇಕಾಯಿತು.

ಹೊರಗೆ ಬಂದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ನಲವತ್ತು ವರ್ಷ ಮರಳುಗಾಡು. ಐಗುಪ್ತದ ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆದು ಜನ ಅತ್ತರು. ಬಿಟ್ಟುಬಂದವಳು ಮತ್ತೆ ಅವನ ಹತ್ತಿರವೇ ಹೋದಳಲ್ಲ ಎಂದು ಸಂಘದಲ್ಲಿ ಬೈಯುವಾಗ ಆ ಈರುಳ್ಳಿಯನ್ನು ನೆನೆಯಿರಿ. ಹೊಟ್ಟೆಗೆ ದಾರಿ ಬೇಕಲ್ಲ. ಅದಕ್ಕೇ ಧರ್ಮೋಪದೇಶಕಾಂಡದಲ್ಲಿ ಒಂದು ಕಟ್ಟಳೆ ಇದೆ. ಏಳನೇ ವರ್ಷ ದಾಸನನ್ನಾಗಲಿ ದಾಸಿಯನ್ನಾಗಲಿ ಬಿಡುವಾಗ ಬರಿಗೈಯಲ್ಲಿ ಕಳುಹಿಸಬಾರದು. ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಧಾರಾಳವಾಗಿ ಕೊಡಬೇಕು, ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ. ಅದೇ ಬೈಬಲ್ಲಿನ ಇನ್ನೊಂದು ಕಡೆ, ತಂದೆ ಮಾರಿದ ಮಗಳು ಗಂಡು ದಾಸರಂತೆ ಬಿಡುಗಡೆ ಹೊಂದುವಂತಿಲ್ಲ ಎಂದೂ ಬರೆದಿದೆ. ಅದನ್ನು ಮುಚ್ಚಿಟ್ಟರೆ ನಾನೂ ಆ ಲಂಡನ್ನಿನವರ ಸಾಲಿಗೇ ಸೇರುತ್ತೇನೆ.

ಅಕ್ಕ 1993ರಲ್ಲಿ ಹೊರಬಂದದ್ದು ಬರಿಗೈಯಲ್ಲೇ. ಕೌಟುಂಬಿಕ ಹಿಂಸೆ ತಡೆಯುವ, ಸ್ತ್ರೀಧನ ವಾಪಸು ಕೊಡಿಸುವ 2005ರ ಕಾಯಿದೆ ಆಗ ಇರಲಿಲ್ಲ. ಮಹಿಳಾ ಸಂಘದ ನಾಲ್ವರು ಆ ಮನೆಯ ಜಗಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತರು. ಕೊನೆಗೆ ಮೈದುನನೇ ಹೊಲಿಗೆ ಮಿಷನ್ ಹೊತ್ತು ತಂದು ಟೆಂಪೋದಲ್ಲಿಟ್ಟ. ದೊಡ್ಡಮ್ಮ ಕೊಟ್ಟಿದ್ದ ತಾಮ್ರದ ಹಂಡೆ ಮಾತ್ರ ಇವತ್ತಿಗೂ ಬಂದಿಲ್ಲ.