ಕುಂಕುಮ ಒರೆಸಿದ ಮೆಟ್ಟಿಲು

ಸ್ಪೈ ಥ್ರಿಲ್ಲರ್‌ಗೆ ಐಡಿಯಾ ಎಲ್ಲಿಂದ ತರೋದು ಅಂತ ಕೇಳ್ತಾನೇ ಇರ್ತೀರಿ. 1968ರಲ್ಲೇ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999 ಆಗಿದ್ದರು. ಆದರೂ ನಮ್ಮ ಹುಡುಗರ ಕಥೆ ಶುರುವಾಗೋದು ಲಂಡನ್ನಿಂದ!

ನಾನು ಚಾಮುಂಡಿ ಬೆಟ್ಟಕ್ಕೆ ಹೋಗ್ತೀನಿ. ಸುಮಾರು 1000 ಮೆಟ್ಟಿಲು. ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ, ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಈಗ ಹೀಗೆ ಅಂದ್ಕೊಳ್ಳಿ: ನಂದಿಗಿಂತ ಸ್ವಲ್ಪ ಕೆಳಗೆ ಒಂದು ಮೆಟ್ಟಿಲ ಕುಂಕುಮ ಮಾತ್ರ ಒರೆಸಿದೆ. ಎಲ್ಲರೂ ದಾಟಿ ಹೋಗ್ತಾರೆ. ಒಬ್ಬನಿಗೆ ಮಾತ್ರ ಅರ್ಥ ಆಗುತ್ತೆ: ಮೇಲೆ ಬರಬೇಡ, ಕಾಯ್ತಿದ್ದಾರೆ. ಖರ್ಚಿಲ್ಲದ ಸಂಕೇತ, ಬಿಕಾಂ ಓದಿದವನಿಗೆ ಅದೂ ಮುಖ್ಯ!

ಆದರೆ ಅವನು ಬರೋ ಮೊದಲೇ, ಮಗನ ಜ್ವರಕ್ಕೆ ಹರಕೆ ಹೊತ್ತ ತಾಯಿಯೊಬ್ಬಳು ಅಲ್ಲಿಗೂ ಕುಂಕುಮ ಇಟ್ಟುಬಿಟ್ಟರೆ? ಅವನು ನಂದಿ ಹತ್ತಿರ ಸಿಕ್ಕಿಬೀಳ್ತಾನೆ. ಅವನ ಕಡೆಯವರು ಹುಡುಕೋದು ಅವಳನ್ನ. ನಾನು ಬರೀತಿರೋದು ಅವಳ ಕಥೆ.