ಬೆಡ್‌ಫರ್ಡ್‌ಷೈರ್ ಎಂಬ ಮೀನುಹಡಗು

ಮಹಾಯುದ್ಧಗಳ ನೌಕಾಚರಿತ್ರೆಯನ್ನು ಓದುವವರ ಕಣ್ಣಿಗೆ ಮೊದಲು ಬೀಳುವುದು ದೊಡ್ಡ ಹೆಸರುಗಳು. ಹುಡ್, ಬಿಸ್ಮಾರ್ಕ್, ಪ್ರಿನ್ಸ್ ಆಫ್ ವೇಲ್ಸ್ ಮೊದಲಾದ ಸಮರನೌಕೆಗಳ ಕಥೆಯನ್ನು ಅನೇಕರು ಬಲ್ಲರು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕಡಲದಾರಿಗಳನ್ನು ಹಗಲಿರುಳೂ ಕಾಯುತ್ತಿದ್ದ ಹಡಗುಗಳಲ್ಲಿ ನೂರಾರು ಹಡಗುಗಳು ಯುದ್ಧಕ್ಕೆಂದು ಕಟ್ಟಿದವುಗಳೇ ಅಲ್ಲ. ಅವು ಮೀನು ಹಿಡಿಯುವುದಕ್ಕೆಂದು ಕಟ್ಟಿದವು. ಅಂಥ ಒಂದು ಹಡಗಿನ ವೃತ್ತಾಂತವನ್ನು ಈ ದಿನ ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ. ಅದರ ಹೆಸರು ಬೆಡ್‌ಫರ್ಡ್‌ಷೈರ್. ಅದು ಶತ್ರುವಿನ ಹಡಗು ಯಾವುದನ್ನೂ ಮುಳುಗಿಸಲಿಲ್ಲ. ಕಟ್ಟಿದ ಏಳನೆಯ ವರ್ಷದಲ್ಲಿ ತಾನೇ ಮುಳುಗಿಹೋಯಿತು. ಹಾಗಾದರೆ ಅದನ್ನು ಕುರಿತು ಹೇಳತಕ್ಕದ್ದೇನು ಎಂದು ಕೇಳಬಹುದು. ಒಂದು ಉಪಕರಣವನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಯಾವುದಕ್ಕೆ ಹಚ್ಚಬಾರದು ಎಂಬ ವಿವೇಕವನ್ನು ಅದರ ಕಥೆ ನಮಗೆ ತಿಳಿಸುತ್ತದೆ; ಆ ವಿವೇಕವು ತಡವಾಗಿ ಬಂದರೆ ತೆರಬೇಕಾದ ಬೆಲೆ ಯಾವುದೆಂಬುದನ್ನೂ ತಿಳಿಸುತ್ತದೆ.

ಮೊದಲು ಟ್ರಾಲರ್ ಎಂದರೇನೆಂಬುದನ್ನು ನೋಡೋಣ. ಟ್ರಾಲ್ ಎಂಬುದು ದೊಡ್ಡ ಚೀಲದ ಆಕಾರದ ಬಲೆ. ಅದರ ಬಾಯಿಯ ಎರಡು ಕಡೆಗೂ ಒಂದೊಂದು ಭಾರವಾದ ಹಲಗೆಯಿರುತ್ತದೆ. ಹಡಗು ಬಲೆಯನ್ನು ಉಕ್ಕಿನ ಹಗ್ಗಗಳಿಂದ ಎಳೆದುಕೊಂಡು ಹೋಗುವಾಗ ಈ ಹಲಗೆಗಳು ನೀರಿನ ಒತ್ತಡಕ್ಕೆ ಸಿಕ್ಕಿ, ಗಾಳಿಪಟವು ಗಾಳಿಗೆ ಓರೆಯಾಗಿ ಸರಿಯುವಂತೆ, ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಸರಿದು ಬಲೆಯ ಬಾಯನ್ನು ಅಗಲವಾಗಿ ತೆರೆದಿಡುತ್ತವೆ. ಆಂಗ್ಲೇಯ ಬೆಸ್ತರು ಇವುಗಳಿಗೆ ಆಟರ್ ಹಲಗೆ, ಎಂದರೆ ನೀರುನಾಯಿಯ ಹಲಗೆ ಎಂದು ಹೆಸರಿಟ್ಟಿದ್ದರು. ಬಲೆ ತುಂಬಿದ ಮೇಲೆ ಉಗಿಯ ಬಲದಿಂದ ತಿರುಗುವ ರಾಟೆಯು ಅದನ್ನು ಮೇಲಕ್ಕೆಳೆಯುತ್ತಿತ್ತು. ಗ್ರಿಮ್ಸ್‌ಬಿ, ಹಲ್, ಫ್ಲೀಟ್‌ವುಡ್, ಲೋಸ್ಟಾಫ್ಟ್ ಮೊದಲಾದ ರೇವುಗಳಿಂದ ಹೊರಟು, ಐಸ್‌ಲ್ಯಾಂಡಿನಾಚೆಯ ಹಿಮದ ಕಡಲಿನವರೆಗೂ ಹೋಗಿ ವಾರಗಟ್ಟಲೆ ದುಡಿಯುತ್ತಿದ್ದ ಈ ಹಡಗುಗಳಿಗೆ ವೇಗವಿರಲಿಲ್ಲ. ಆದರೆ ಎಂಥ ಬಿರುಗಾಳಿಯನ್ನಾದರೂ ತಾಳುವ ಗಟ್ಟಿತನವಿತ್ತು, ಭಾರವನ್ನೆಳೆಯುವ ಶಕ್ತಿಯಿತ್ತು.

ಈ ಎರಡು ಗುಣಗಳೂ ಯುದ್ಧಕ್ಕೆ ಬೇಕಾದವು. ೧೯೦೪ರ ರಷ್ಯಾ-ಜಪಾನ್ ಯುದ್ಧದಲ್ಲಿ ಮೈನ್ ಎಂಬ ಜಲಸ್ಫೋಟಕಗಳು ದೊಡ್ಡ ದೊಡ್ಡ ಸಮರನೌಕೆಗಳನ್ನೇ ಒಡೆದು ಮುಳುಗಿಸಿದುದನ್ನು ಲೋಕವೆಲ್ಲ ಕಂಡಿತು. ಮೈನು ಸಮುದ್ರದ ತಳದಲ್ಲಿ ಊರಿದ ಭಾರಕ್ಕೆ ತಂತಿಯಿಂದ ಕಟ್ಟಲ್ಪಟ್ಟು, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಕಣ್ಣಿಗೆ ಕಾಣದಂತೆ ತೇಲುತ್ತಿರುತ್ತದೆ. ಅದನ್ನು ತೆಗೆಯಬೇಕಾದರೆ ನೀರೊಳಗೆ ಹಗ್ಗವನ್ನೆಳೆದು ಆ ತಂತಿಯನ್ನು ಕತ್ತರಿಸಬೇಕು. ನೀರೊಳಗೆ ಹಗ್ಗವನ್ನೆಳೆಯುವುದನ್ನು ಬೆಸ್ತರಿಗಿಂತ ಚೆನ್ನಾಗಿ ಬಲ್ಲವರು ಯಾರು? ೧೯೦೭ರಲ್ಲಿ ಗ್ರಿಮ್ಸ್‌ಬಿಯ ಟ್ರಾಲರುಗಳನ್ನು ನೋಡಿದ ನೌಕಾಧಿಪತಿ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡನು ಈ ಮಾತನ್ನು ಮನಗಂಡು ಸರ್ಕಾರಕ್ಕೆ ತಿಳಿಸಿದನು. ಮೀಸಲು ನೌಕಾಬಲದಲ್ಲಿ ಟ್ರಾಲರುಗಳಿಗೆಂದೇ ಒಂದು ವಿಭಾಗವು ಏರ್ಪಟ್ಟಿತು. ಮೊದಲನೆಯ ಮಹಾಯುದ್ಧದಲ್ಲಿ ಸಾವಿರಕ್ಕೂ ಮೇಲ್ಪಟ್ಟು ಟ್ರಾಲರುಗಳು ಸೇವೆಯಲ್ಲಿದ್ದವು. ಮುಂದೆ ಮೈನುಗಳನ್ನು ತೆಗೆಯುವುದಕ್ಕೆ ರೂಢಿಗೆ ಬಂದ ಓರೊಪೇಸ ಎಂಬ ಸಲಕರಣೆಗೆ ಆ ಹೆಸರು ಬಂದದ್ದು, ಅದನ್ನು ಪ್ರಯೋಗಿಸಿ ನೋಡಿದ ಒಂದು ಟ್ರಾಲರಿನಿಂದ. ಅದರಲ್ಲಿಯೂ ಹಗ್ಗವನ್ನು ಪಕ್ಕಕ್ಕೆ ಸರಿಸುವ ಭಾಗದ ಹೆಸರು ಆಟರ್ ಎಂದೇ. ಬೆಸ್ತನ ಹಲಗೆಯು ಹೆಸರು ಸಹಿತವಾಗಿ ನೌಕಾಪಡೆಗೆ ಸೇರಿತು.

ಬೆಡ್‌ಫರ್ಡ್‌ಷೈರ್ ೧೯೩೫ರಲ್ಲಿ ಇಂಗ್ಲೆಂಡಿನ ಟೀಸ್ ನದಿಯ ದಡದಲ್ಲಿ, ಸ್ಮಿತ್ಸ್ ಡಾಕ್ ಎಂಬ ಕಾರ್ಖಾನೆಯಲ್ಲಿ, ಗ್ರಿಮ್ಸ್‌ಬಿಯ ಒಂದು ಮೀನುಗಾರಿಕೆಯ ಕಂಪೆನಿಗಾಗಿ ತಯಾರಾಯಿತು. ಉದ್ದ ಸುಮಾರು ೧೬೦ ಅಡಿ, ಒಟ್ಟು ಟನ್ನೇಜು ೪೪೩, ಕಲ್ಲಿದ್ದಲಿನ ಉಗಿಯಂತ್ರ. ೧೯೩೯ನೆಯ ಆಗಸ್ಟಿನಲ್ಲಿ, ಯುದ್ಧವು ಬಾಗಿಲಿಗೆ ಬಂದಿದ್ದಾಗ, ಬ್ರಿಟಿಷ್ ನೌಕಾಖಾತೆಯವರು ಇದನ್ನು ವಹಿಸಿಕೊಂಡರು. ಇಂಥ ಹಡಗನ್ನು ಮಾರ್ಪಡಿಸುವ ಕ್ರಮ ಹೀಗೆ. ಮೂತಿಯ ಮೇಲೆ ಒಂದು ಕಟ್ಟೆಯನ್ನು ಕಟ್ಟಿ ಅದರ ಮೇಲೆ ನಾಲ್ಕು ಅಂಗುಲದ ಫಿರಂಗಿಯನ್ನಿಡುವುದು. ಹಿಂಭಾಗದಲ್ಲಿ, ನೀರಿನ ಆಳಕ್ಕಿಳಿದು ಸಿಡಿಯತಕ್ಕ ಡೆಪ್ತ್ ಚಾರ್ಜುಗಳನ್ನು ಉರುಳಿಬಿಡುವುದಕ್ಕೆ ಸಾಲುಗಳನ್ನು ಹಾಕುವುದು. ತಳದಲ್ಲಿ ಆಸ್ಡಿಕ್ ಎಂಬ ಯಂತ್ರವನ್ನಿಡುವುದು. ಈ ಯಂತ್ರವು ನೀರೊಳಗೆ ಶಬ್ದವನ್ನು ಕಳುಹಿಸಿ, ಅದು ಯಾವುದಾದರೂ ವಸ್ತುವಿಗೆ ತಾಕಿ ಹಿಂದಿರುಗುವ ಪ್ರತಿಧ್ವನಿಯಿಂದ ಜಲಾಂತರ್ಗಾಮಿಯ ಇರವನ್ನು ತಿಳಿಯುತ್ತದೆ. ಮೀನನ್ನು ಮಂಜುಗಡ್ಡೆಯಲ್ಲಿ ಹೂಳಿಡುತ್ತಿದ್ದ ಉಗ್ರಾಣವು ನಾವಿಕರು ಮಲಗುವ ಕೋಣೆಯೋ ಮದ್ದುಗುಂಡಿನ ಕೋಣೆಯೋ ಆಗುತ್ತಿತ್ತು. ಬೂದು ಬಣ್ಣವನ್ನು ಬಳಿದರೆ ಸಮರನೌಕೆ ಸಿದ್ಧವಾದಂತೆ.

ಅದನ್ನು ನಡೆಸುವವರಲ್ಲಿ ಬೆಸ್ತರೂ ಇದ್ದರು, ಯುದ್ಧಕ್ಕೆಂದು ಹೊಸದಾಗಿ ಸೇರಿದವರೂ ಇದ್ದರು. ಅವರ ಮುಖ್ಯ ಠಾಣೆ ಲೋಸ್ಟಾಫ್ಟಿನ ಸ್ಪ್ಯಾರೋಸ್ ನೆಸ್ಟ್, ಎಂದರೆ ಗುಬ್ಬಿಯ ಗೂಡು ಎಂಬ ಒಂದು ಉದ್ಯಾನ. ಆ ಕಾಲದಲ್ಲಿ ಹ್ಯಾರಿ ಟೇಟ್ ಎಂಬ ವಿನೋದದ ನಟನು ರಂಗಭೂಮಿಯ ಮೇಲೆ ಕೈಕೊಡುವ ಮೋಟಾರುಗಾಡಿಯೊಡನೆ ಹೆಣಗಾಡಿ ಜನರನ್ನು ನಗಿಸಿ ಪ್ರಸಿದ್ಧನಾಗಿದ್ದನು. ಜನರು ಈ ಪಡೆಗೆ ಹ್ಯಾರಿ ಟೇಟನ ನೌಕಾಪಡೆ ಎಂದು ಅಡ್ಡಹೆಸರಿಟ್ಟರು. ಪಡೆಯವರು ಹೆಸರನ್ನು ಅಲ್ಲಗಳೆಯದೆ ತಾವೇ ಹೆಮ್ಮೆಯಿಂದ ಹೇಳಿಕೊಂಡರು.

ಬೆಡ್‌ಫರ್ಡ್‌ಷೈರ್ ಎರಡು ವರ್ಷಗಳ ಮೇಲೆ ಇಂಗ್ಲೆಂಡಿನ ನೈರುತ್ಯ ತೀರವನ್ನೂ ಬ್ರಿಸ್ಟಲ್ ಕಾಲುವೆಯನ್ನೂ ಕಾಯುತ್ತಿದ್ದಿತು. ಅಷ್ಟರಲ್ಲಿ ಯುದ್ಧದ ಗತಿಯೇ ಬದಲಾಯಿತು. ೧೯೪೧ನೆಯ ಡಿಸೆಂಬರಿನಲ್ಲಿ ಜರ್ಮನಿಯು ಅಮೆರಿಕದ ಮೇಲೆ ಯುದ್ಧವನ್ನು ಸಾರಿತು. ಮರುತಿಂಗಳೇ ಅದರ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕದ ಪೂರ್ವತೀರಕ್ಕೆ ಬಂದವು. ಅಲ್ಲಿ ಕಂಡದ್ದು ಬೇಟೆಗಾರನಿಗೆ ಹಬ್ಬ. ಕಡಲತೀರದ ಊರುಗಳ ದೀಪಗಳು ಆರಿರಲಿಲ್ಲ. ಆ ಬೆಳಕಿನ ಮುಂದೆ ಕಪ್ಪಗೆ ಎದ್ದು ಕಾಣುವ ಎಣ್ಣೆಹಡಗುಗಳು ಒಂಟೊಂಟಿಯಾಗಿ ಸಾಗುತ್ತಿದ್ದವು. ಕಾವಲು ಹಡಗುಗಳು ಇಲ್ಲವೆನ್ನುವಷ್ಟು ಕಡಮೆ. ಉತ್ತರ ಕ್ಯಾರೊಲೀನದ ಹ್ಯಾಟರಸ್ ಭೂಶಿರದ ಸುತ್ತಣ ನೀರು ಹಡಗುಗಳ ಸ್ಮಶಾನವಾಯಿತು. ಆಗ ಬ್ರಿಟನ್ನು ತನ್ನ ಟ್ರಾಲರುಗಳಲ್ಲಿ ೨೪ನ್ನು ಅಮೆರಿಕದ ನೆರವಿಗೆ ಕಳುಹಿಸಿತು. ಚಳಿಗಾಲದ ಕೊನೆಯ ಬಿರುಗಾಳಿಗಳಲ್ಲಿ ಸಾಗರವನ್ನು ದಾಟಿಹೋದ ಆ ಹಡಗುಗಳಲ್ಲಿ ಬೆಡ್‌ಫರ್ಡ್‌ಷೈರ್ ಒಂದು. ಅದಕ್ಕೆ ಗೊತ್ತಾದ ಠಾಣೆ ಉತ್ತರ ಕ್ಯಾರೊಲೀನದ ಮೋರ್‌ಹೆಡ್ ಸಿಟಿ ಎಂಬ ರೇವು.

ಆ ಹಡಗಿನಲ್ಲಿ ಥಾಮಸ್ ಕನಿಂಗ್‌ಹ್ಯಾಮ್ ಎಂಬ ತರುಣ ಅಧಿಕಾರಿಯಿದ್ದನು. ೧೯೪೨ನೆಯ ಏಪ್ರಿಲಿನಲ್ಲಿ ಸ್ಯಾನ್ ಡೆಲ್ಫಿನೊ ಎಂಬ ಬ್ರಿಟಿಷ್ ಎಣ್ಣೆಹಡಗು ಆ ತೀರದಲ್ಲಿ ಮುಳುಗಿ, ಅದರ ನಾವಿಕರ ಶವಗಳು ದಡಕ್ಕೆ ಬಂದವು. ಅವರನ್ನು ತಮ್ಮ ದೇಶದ ಧ್ವಜವನ್ನು ಹೊದಿಸಿ ಮಣ್ಣುಮಾಡುವುದು ಯೋಗ್ಯವೆಂದು, ಅಮೆರಿಕದ ನೌಕಾಖಾತೆಗಾಗಿ ಕೆಲಸಮಾಡುತ್ತಿದ್ದ ಏಕಾಕ್ ಬ್ರೌನ್ ಎಂಬುವನು ಬ್ರಿಟಿಷ್ ಧ್ವಜಗಳನ್ನು ಹುಡುಕಿಕೊಂಡು ಬೆಡ್‌ಫರ್ಡ್‌ಷೈರಿಗೆ ಬಂದನು. ಕನಿಂಗ್‌ಹ್ಯಾಮನು ಧ್ವಜಗಳನ್ನು ಕೊಟ್ಟು ಕಳುಹಿಸಿದನು. ಬಳಸಿ ಮಿಕ್ಕ ಧ್ವಜವು ಬ್ರೌನನ ಬಳಿಯಲ್ಲಿಯೇ ಉಳಿಯಿತು.

ಮೇ ೧೦ರಂದು ಬೆಡ್‌ಫರ್ಡ್‌ಷೈರ್ ಮೋರ್‌ಹೆಡ್ ಸಿಟಿಯನ್ನು ಬಿಟ್ಟು ಜಲಾಂತರ್ಗಾಮಿಯನ್ನು ಅರಸಲು ಹೊರಟಿತು. ಒಬ್ಬ ಕೆಲಸಗಾರನು ಮಾತ್ರ ದಡದಲ್ಲಿಯೇ ಉಳಿದುಹೋಗಿದ್ದನು. ೧೧ರ ರಾತ್ರಿ ಕಳೆದು ೧೨ರ ಬೆಳಗಾಗುವುದರೊಳಗೆ, ಲುಕ್‌ಔಟ್ ಭೂಶಿರದಾಚೆ, ಗ್ಯುಂಥರ್ ಕ್ರೆಖ್ ನಡೆಸುತ್ತಿದ್ದ ಯು-೫೫೮ ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪೀಡೊ ಅದನ್ನು ಸೀಳಿತು. ಹಡಗಿನಲ್ಲಿದ್ದ ೩೭ ಮಂದಿಯಲ್ಲಿ ಒಬ್ಬನೂ ಬದುಕಲಿಲ್ಲ. ಸಹಾಯ ಬೇಕೆಂಬ ಸಂದೇಶವೊಂದನ್ನು ಕಳುಹಿಸುವಷ್ಟು ಕಾಲವೂ ದೊರೆಯಲಿಲ್ಲ. ಹೀಗಾಗಿ ಹಡಗು ನಾಶವಾದುದು ದಡದಲ್ಲಿ ಯಾರಿಗೂ ತಿಳಿಯಲಿಲ್ಲ. ೧೪ರಂದು ಓಕ್ರಕೋಕ್ ದ್ವೀಪದ ಮರಳಿನ ಮೇಲೆ ಎರಡು ಶವಗಳು ಸಿಕ್ಕಿದಾಗಲೇ ಸಂಗತಿ ಬಯಲಾದದ್ದು. ಗುರುತು ಹಿಡಿಯಲು ಕರೆಸಿದ ಬ್ರೌನನು ಅವರಲ್ಲೊಬ್ಬನನ್ನು ಕಂಡೊಡನೆ ತಿಳಿದನು. ಆತ ಕನಿಂಗ್‌ಹ್ಯಾಮ್. ಇನ್ನೊಬ್ಬನು ತಂತಿಯ ಕೆಲಸದ ಸ್ಟ್ಯಾನ್ಲಿ ಕ್ರೇಗ್. ಮುಂದೆ ಇನ್ನೆರಡು ಶವಗಳು ಅಲ್ಲಿಯೇ ಸಿಕ್ಕವು; ಅವರು ಯಾರೆಂದು ಹೆಸರು ಹಿಡಿದು ಹೇಳುವುದಾಗಲಿಲ್ಲ. ಕನಿಂಗ್‌ಹ್ಯಾಮನು ಪರರ ಶವಪೆಟ್ಟಿಗೆಗಾಗಿ ಕೊಟ್ಟ ಧ್ವಜವು ಅವನದಕ್ಕೇ ಹೊದಿಕೆಯಾಯಿತು.

ಇಷ್ಟನ್ನು ಹೇಳಿ ಮುಗಿಸಿದರೆ ಇದು ವಿಧಿಯ ಕಥೆಯಾಗುತ್ತದೆ. ಆದರೆ ಇದರಲ್ಲಿ ವಿಧಿಗಿಂತ ಮನುಷ್ಯರ ನಿರ್ಣಯದ ಪಾಲು ಹೆಚ್ಚೆಂದು ನಮಗೆ ತೋರುತ್ತದೆ. ಬೆಡ್‌ಫರ್ಡ್‌ಷೈರಿನ ವೇಗ ಗಂಟೆಗೆ ಸುಮಾರು ೧೪ ಮೈಲಿಯನ್ನು ಮೀರುತ್ತಿರಲಿಲ್ಲ. ಯು-೫೫೮ ನೀರಿನ ಮೇಲೆ ಗಂಟೆಗೆ ೨೦ ಮೈಲಿ ಹೋಗಬಲ್ಲದಾಗಿತ್ತು. ತನಗಿಂತ ಮುಂದೆ ಓಡುವ ಬೇಟೆಯನ್ನು ಅಟ್ಟಿಕೊಂಡು ಹೋಗಬೇಕೆಂದು ಮೀನುಹಡಗಿಗೆ ಅಪ್ಪಣೆಯಾದಂತಾಯಿತು. ಅಪವಾದಗಳಿಲ್ಲವೆಂದಲ್ಲ. ೧೯೪೧ನೆಯ ಅಕ್ಟೋಬರಿನಲ್ಲಿ ಲೇಡಿ ಷರ್ಲಿ ಎಂಬ ಟ್ರಾಲರು ಕೆನರಿ ದ್ವೀಪಗಳ ಬಳಿ ಯು-೧೧೧ ಎಂಬ ಜಲಾಂತರ್ಗಾಮಿಯನ್ನು ಕಾದಾಡಿ ಮುಳುಗಿಸಿ, ೪೪ ಮಂದಿ ಸೆರೆಯಾಳುಗಳನ್ನು ತಂದಿತು. ಆದರೆ ಎರಡೇ ತಿಂಗಳ ಮೇಲೆ ಜಿಬ್ರಾಲ್ಟರಿನ ಜಲಸಂಧಿಯಲ್ಲಿ ಅದೂ ಜಲಾಂತರ್ಗಾಮಿಗೆ ಆಹುತಿಯಾಯಿತು.

ಟ್ರಾಲರಿನ ಕಸಬನ್ನೇ ಯೋಚಿಸಿ ನೋಡಿರಿ. ಟ್ರಾಲರು ಮೀನನ್ನು ಅಟ್ಟಿಸಿಕೊಂಡು ಹೋಗುವುದಿಲ್ಲ. ಮೀನಿರುವ ನೆಲೆಯನ್ನು ತಿಳಿದು, ಬಲೆಯ ಬಾಯನ್ನು ಅಲ್ಲಿ ತೆರೆದು, ನಿಧಾನವಾಗಿ ಎಳೆಯುತ್ತದೆ. ಜಲಾಂತರ್ಗಾಮಿಯು ಬಂದೇ ಬರಬೇಕಾದ ನೆಲೆಯೊಂದುಂಟು. ಅದು ಸರಕಿನ ಹಡಗುಗಳ ಸಾಲು. ಹಡಗುಗಳನ್ನು ಗುಂಪುಗೂಡಿಸಿ ಸುತ್ತಲೂ ಕಾವಲಿಟ್ಟು ನಡೆಸಿದರೆ, ಶತ್ರುವನ್ನು ವಿಶಾಲವಾದ ಸಾಗರದಲ್ಲೆಲ್ಲ ಹುಡುಕಬೇಕಾದುದಿಲ್ಲ. ಅವನೇ ಕಾವಲಿನ ಬಳಿಗೆ ಬರಬೇಕು. ಇದು ಹೊಸ ತತ್ತ್ವವಲ್ಲ. ೧೯೧೭ರಲ್ಲಿಯೇ ಬ್ರಿಟನ್ನು ಇದನ್ನು ಕಷ್ಟಪಟ್ಟು ಕಲಿತಿದ್ದಿತು. ಅಮೆರಿಕದ ತೀರದಲ್ಲಿ ಏಪ್ರಿಲಿನಿಂದ ಹಡಗುಗಳನ್ನು ಹಗಲಿನಲ್ಲಿ ರೇವಿನಿಂದ ರೇವಿಗೆ ದಾಟಿಸುವ ಏರ್ಪಾಡೇನೋ ಆಗಿದ್ದಿತು. ಆದರೆ ವರ್ಜೀನಿಯದಿಂದ ಫ್ಲಾರಿಡದ ಕೀ ವೆಸ್ಟ್ ವರೆಗೆ ಹೋಗತಕ್ಕ ಮೊದಲನೆಯ ನಿಯತವಾದ ಸಾಲು ಹೊರಟದ್ದು ೧೯೪೨ನೆಯ ಮೇ ೧೪ರಂದು. ಓಕ್ರಕೋಕಿನ ಮರಳಿನ ಮೇಲೆ ಆ ಎರಡು ಶವಗಳು ಸಿಕ್ಕಿದುದೂ ಅದೇ ದಿನ.

ಮುಂದಿನ ಫಲವನ್ನು ಚರಿತ್ರೆಯೇ ಹೇಳುತ್ತದೆ. ಸಾಲುಗಳು ನಡೆಯತೊಡಗಿದ ಮೇಲೆ ಆ ತೀರದಲ್ಲಿ ನಷ್ಟವು ಇಳಿಯುತ್ತ ಬಂದಿತು. ಜುಲೈ ತಿಂಗಳಲ್ಲಿ ಜರ್ಮನ್ ನೌಕಾಧಿಪತಿ ಡೋನಿಟ್ಸನು ಅಲ್ಲಿದ್ದ ತನ್ನ ಕೊನೆಯ ಜಲಾಂತರ್ಗಾಮಿಗಳನ್ನು ಹಿಂದಕ್ಕೆ ಕರೆಸಿಕೊಂಡನು. ಅದೇ ಜುಲೈ ೩ರಂದು, ಬೆಡ್‌ಫರ್ಡ್‌ಷೈರಿನ ಜೊತೆಯವುಗಳಲ್ಲೊಂದಾದ ಲ ಟೈಗರ್ ಎಂಬ ಟ್ರಾಲರು ಸಾಲಿನ ಕಾವಲಿನಲ್ಲಿದ್ದಾಗ, ಸರಕಿನ ಹಡಗೊಂದನ್ನು ಹೊಡೆದ ಯು-೨೧೫ನ್ನು ಅದರಲ್ಲಿದ್ದವರೆಲ್ಲರೊಡನೆ ಮುಳುಗಿಸಿತು. ಅದೇ ಬಗೆಯ ಹಡಗು, ಅದೇ ಬಗೆಯ ಜನ, ಅದೇ ಬಗೆಯ ಆಯುಧ. ನಿಂತ ಸ್ಥಳ ಮಾತ್ರ ಬೇರೆ. ಬೆಡ್‌ಫರ್ಡ್‌ಷೈರಿನವರಲ್ಲಿ ಧೈರ್ಯವಾಗಲಿ ಕುಶಲತೆಯಾಗಲಿ ಕಡಮೆಯಿತ್ತೆಂದು ಹೇಳುವುದಕ್ಕೆ ಆಧಾರವಿಲ್ಲ. ಅವರಿಗೆ ದೊರೆಯದೆ ಹೋದದ್ದು ಕೆಲವು ದಿನಗಳ ಅವಧಿ, ಮತ್ತು ಆ ಅವಧಿಯಲ್ಲಿ ಅವರ ಮೇಲಿನವರಿಗೆ ಬರಬೇಕಾಗಿದ್ದ ತಿಳಿವಳಿಕೆ.

ಯು-೫೫೮ರ ಗತಿಯನ್ನೂ ಹೇಳಬೇಕಷ್ಟೆ. ೧೯೪೩ನೆಯ ಜುಲೈ ೨೦ರಂದು ಬಿಸ್ಕೆ ಕೊಲ್ಲಿಯ ಕಡೆ ವಿಮಾನಗಳು ಅದನ್ನು ಮುಳುಗಿಸಿದವು. ಕ್ರೆಖ್ ಮತ್ತು ಇನ್ನು ನಾಲ್ವರು ಮಾತ್ರ ಉಳಿದರು. ಯುದ್ಧವು ಮುಗಿದ ಮೇಲೆ ಉಳಿದ ಟ್ರಾಲರುಗಳಲ್ಲಿ ಅನೇಕವು ಫಿರಂಗಿಯನ್ನು ಇಳಿಸಿ ಮರಳಿ ಬಲೆಯನ್ನು ಹಿಡಿದವು. ಬೆಡ್‌ಫರ್ಡ್‌ಷೈರಿಗೆ ಆ ಭಾಗ್ಯವಿರಲಿಲ್ಲ. ಅದರ ಅವಶೇಷವು ೧೯೮೦ರಲ್ಲಿ ಪತ್ತೆಯಾಯಿತು. ೨೦೧೫ರಲ್ಲಿ ಅಮೆರಿಕ ಸರ್ಕಾರವು ಅದನ್ನು ಚಾರಿತ್ರಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿತು.

ಲೋಸ್ಟಾಫ್ಟಿನಲ್ಲಿ ಈ ಪಡೆಯವರ ಸ್ಮಾರಕಸ್ತಂಭವೊಂದಿದೆ. ಸಮುದ್ರವಲ್ಲದೆ ಬೇರೆ ಸಮಾಧಿಯಿಲ್ಲದ ೨,೩೮೫ ಮಂದಿಯ ಹೆಸರುಗಳನ್ನು ಅದರಲ್ಲಿ ಕೆತ್ತಿದ್ದಾರೆ. ಸಮಾಧಿ ದೊರೆತವರು ಕೆಲವರೇ. ಓಕ್ರಕೋಕಿನವರು ತಮ್ಮ ಊರಿನಲ್ಲಿ ಆ ನಾಲ್ವರನ್ನು ಮಣ್ಣುಮಾಡಿದ ತುಂಡು ನೆಲವನ್ನು ಬ್ರಿಟಿಷರ ಯುದ್ಧಸಮಾಧಿಗಳನ್ನು ನೋಡಿಕೊಳ್ಳುವ ಸಂಸ್ಥೆಗೆ ಶಾಶ್ವತವಾದ ಗುತ್ತಿಗೆಯಾಗಿ ಬಿಟ್ಟುಕೊಡಲಾಗಿದೆ. ಬಿಳಿಯ ಬೇಲಿಯೊಳಗೆ ನಾಲ್ಕು ಸಮಾಧಿಗಳು. ಮೇಲೆ ಬ್ರಿಟಿಷ್ ಧ್ವಜ. ಅಮೆರಿಕದ ಕರಾವಳಿ ಕಾವಲಿನವರು ಅದನ್ನು ಶುಚಿಯಾಗಿಟ್ಟಿದ್ದಾರೆ. ಪ್ರತಿವರ್ಷವೂ ಮೇ ತಿಂಗಳಲ್ಲಿ ಅಲ್ಲಿ ಸ್ಮರಣೆ ನಡೆಯುತ್ತದೆ. ಅದರಲ್ಲಿ ಇಬ್ಬರ ಕಲ್ಲಿನ ಮೇಲೆ ಹೆಸರುಂಟು, ಇಬ್ಬರದರ ಮೇಲೆ ಇಲ್ಲ. ನಾಲ್ವರಿಗೂ ದ್ವೀಪದವರು ಮಾಡುವ ಉಪಚಾರದಲ್ಲಿ ಮಾತ್ರ ಭೇದವಿಲ್ಲ.