ಸಸುಯಿ ನಡೆದಳು, ಭಾಗೀರಥಿ ಮರಳಿದಳು

ಚಾರ್ಟರ್ಡ್ ಅಕೌಂಟೆಂಟ್ ಮೈಕಿನ ಮುಂದೆ ನಿಂತರೆ ತೆರಿಗೆಯ ಮಾತೇ ಬರುತ್ತದೆಂದು ಹಿಂದಿನ ಸಾಲಿನವರು ಆಗಲೇ ಕಾಫಿಯ ಕಡೆ ನೋಡುತ್ತಿದ್ದಾರೆ. ಇವತ್ತು ತೆರಿಗೆ ಬೇಡ. ಒಂದು ಸಿಂಧಿ ಪ್ರೇಮಕಥೆ ಹೇಳುತ್ತೇನೆ.

ಸಿಂಧ್ ನಮಗೆ ಅಷ್ಟೇನೂ ದೂರದ್ದಲ್ಲ. 1847ರಿಂದ 1936ರವರೆಗೆ ಅದು ಮುಂಬೈ ಪ್ರಾಂತದಲ್ಲಿತ್ತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರವೂ ಅದೇ ಪ್ರಾಂತದವು. ಕಥೆ ಲಂಡನ್ನಿಗೂ ಹಳೆಯದು. ರಿಚರ್ಡ್ ಬರ್ಟನ್ ಸಿಂಧಿನ ಬಗ್ಗೆ ಬರೆದು 1851ರಲ್ಲಿ ಇಲ್ಲಿ ಪ್ರಕಟಿಸಿದ ಪುಸ್ತಕದಲ್ಲೇ ಇದೆ.

ಬ್ರಾಹ್ಮಣರ ಮನೆಯಲ್ಲಿ ಹೆಣ್ಣುಮಗು ಹುಟ್ಟಿತು. ಇವಳು ಮುಸ್ಲಿಮನನ್ನು ಮದುವೆಯಾಗುತ್ತಾಳೆಂದು ಜೋಯಿಸರು ಹೇಳಿದರು. ಹೆತ್ತವರು ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಸಿಂಧೂ ನದಿಗೆ ಬಿಟ್ಟರು. ನಿಮಗೆ ಕರ್ಣ ನೆನಪಾಗಿರಬೇಕು. ಭಂಭೋರಿನ ಮಡಿವಾಳನೊಬ್ಬ ಆ ಪೆಟ್ಟಿಗೆ ಎತ್ತಿಕೊಂಡು ಮಗುವನ್ನು ಸಾಕಿದ. ಅವಳೇ ಸಸುಯಿ. ಅವಳ ಚೆಲುವಿನ ಸುದ್ದಿ ಕೇಳಿ ಬಲೂಚಿಸ್ತಾನದ ಕೇಚ್‌ನಿಂದ ರಾಜಕುಮಾರ ಪುನ್ಹೂ ವ್ಯಾಪಾರಿಯಾಗಿ ಬಂದ. ಬಟ್ಟೆ ಒಗೆದು ತೋರಿಸಿದರೆ ಮಾತ್ರ ಹೆಣ್ಣು ಕೊಡುತ್ತೇನೆ ಎಂದ ತಂದೆ. ಪುನ್ಹೂ ಒಗೆದ, ಊರವರ ಬಟ್ಟೆಯೆಲ್ಲ ಹರಿದುಹೋಯಿತು. ಹರಿದ ಬಟ್ಟೆಗಳ ಮಡಿಕೆಯಲ್ಲಿ ಒಂದೊಂದು ಚಿನ್ನದ ನಾಣ್ಯ ಇಟ್ಟು ಹಿಂದಿರುಗಿಸಿದ. ಯಾರೂ ದೂರು ಕೊಡಲಿಲ್ಲ! ಆಡಿಟರ್ ಆಗಿ ನಾನು ಇದಕ್ಕೆ ಸಹಿ ಹಾಕುವವನಲ್ಲ. ಆದರೆ ಪರದೇಶದಲ್ಲಿ ಮೊದಲ ಕೆಲಸ ಗಿಟ್ಟಿಸಲು ಏನೇನು ಮಾಡಬೇಕಾಗುತ್ತದೆಂದು ನಮಗೆಲ್ಲ ಗೊತ್ತು.

ಮದುವೆಯಾಯಿತು. ಮಡಿವಾಳರ ಮನೆಯ ಅಳಿಯ ಎಂಬ ಮಾತು ಕೇಚ್‌ನಲ್ಲಿ ಅವಮಾನವಾಯಿತು. ಅಣ್ಣತಮ್ಮಂದಿರು ನಗುನಗುತ್ತಾ ಬಂದರು, ಪುನ್ಹೂಗೆ ಕುಡಿಸಿದರು, ರಾತ್ರೋರಾತ್ರಿ ಒಂಟೆಯ ಮೇಲೆ ಹೇರಿಕೊಂಡು ಹೋದರು. ಬೆಳಗ್ಗೆ ಎದ್ದ ಸಸುಯಿ ಒಂಟೆಗಳ ಹೆಜ್ಜೆ ಹಿಡಿದು ಬರಿಗಾಲಲ್ಲಿ ಬೆಟ್ಟ ಹತ್ತಿದಳು. ದಾರಿಯಲ್ಲಿ ಕುರಿ ಕಾಯುವವನೊಬ್ಬ ಕೆಟ್ಟ ಕಣ್ಣು ಹಾಕಿದ. ಅವಳು ಬೇಡಿಕೊಂಡಾಗ ಭೂಮಿ ಬಾಯಿಬಿಟ್ಟಿತು. ಹೊರಗೆ ಉಳಿದದ್ದು ಸೆರಗಿನ ಅಂಚು ಮಾತ್ರ. ತಪ್ಪಿಸಿಕೊಂಡು ಓಡಿ ಬಂದ ಪುನ್ಹೂಗೆ ಅದೇ ಕುರಿಗಾಹಿ ನಡೆದದ್ದನ್ನು ಹೇಳಿದ. ಪುನ್ಹೂನನ್ನೂ ಅದೇ ನೆಲ ಒಳಗೆ ತೆಗೆದುಕೊಂಡಿತು.

ಸಿಂಧಿನ ಮಹಾಕವಿ ಶಾ ಅಬ್ದುಲ್ ಲತೀಫ್ (1689-1752) ತನ್ನ ರಿಸಾಲೋದಲ್ಲಿ ಸಸುಯಿಗಾಗಿ ಐದು ಅಧ್ಯಾಯ ಬರೆದ. ಪೆಟ್ಟಿಗೆ, ಮದುವೆ, ಇವೆಲ್ಲ ಕೇಳುವವರಿಗೆ ಗೊತ್ತೇ ಇದೆ ಎಂದುಕೊಂಡು ನೇರವಾಗಿ ಅವಳ ಅಲೆದಾಟಕ್ಕೆ ಬರುತ್ತಾನೆ. ಐದು ಅಧ್ಯಾಯ ಅವಳು ನಡೆಯುತ್ತಾಳೆ. ನನ್ನ ಮಟ್ಟಿಗೆ ಕಥೆ ಇರುವುದೇ ಅಲ್ಲಿ.

ಈಗ ನಮ್ಮದೊಂದು ಹಾಡು. ಕೆರೆಗೆ ಹಾರ, ನೀವೆಲ್ಲ ಶಾಲೆಯಲ್ಲಿ ಓದಿದ್ದೀರಿ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ, ಹನಿ ನೀರು ಬರಲಿಲ್ಲ. ಜೋಯಿಸರು ಬಲಿ ಕೇಳಿದರು. ಇಲ್ಲಿಂದ ಶುದ್ಧ ಲೆಕ್ಕ ಶುರು. ಹಿರಿಸೊಸೆಯನ್ನು ಕೊಟ್ಟರೆ ಮನೆತನ ನೋಡುವವರಿಲ್ಲ, ಕಿರಿಸೊಸೆ ಭಾಗೀರಥಿಯನ್ನು ಕೊಡೋಣ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ, ತಡೆಯುವವರು ಯಾರೂ ಇಲ್ಲ.

ಭಾಗೀರಥಿಯೂ ನಡೆದಳು, ತವರಿಗೆ. ಬಲಿಯ ಮಾತು ಬಾಯಿಗೆ ಬರಲಿಲ್ಲ. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಅತ್ತಳು. ಅಪ್ಪ ಹೊಲ ಮನೆ ಕೊಡುತ್ತೇನೆಂದ, ಅವ್ವ ಓಲೆ ಮಾಡಿಸುತ್ತೇನೆಂದಳು. ಆಸ್ತಿಯ ಜಗಳವೆಂದು ತಿಳಿದರು, ಆಸ್ತಿಯ ಉತ್ತರ ಕೊಟ್ಟರು. ಅಪ್ಪ ಅವ್ವ ಕೆಟ್ಟವರಲ್ಲ. ಆದರೆ ಇಷ್ಟಕ್ಕೇ ಇಷ್ಟೊಂದು ಅಳುವುದೇಕೆಂದು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ನಿಜ ಹೇಳಿದ್ದು ಗೆಳತಿಗೊಬ್ಬಳಿಗೆ. ಅವಳೂ, ಇಟ್ಟ ಹಾಗೆ ಇರಬೇಕು ಎಂದಳು. ಭಾಗೀರಥಿ ಮರಳಿ ಬಂದಳು, ಕೆರೆಗಿಳಿದಳು. ಕುದುರೆ ಏರಿ ಬಂದ ಗಂಡನಿಗೆ ಮನೆಯವರು ಸುಳ್ಳು ಹೇಳಿದರು. ಗೆಳತಿಯಿಂದ ನಿಜ ತಿಳಿದು ಅವನೂ ಕೆರೆಗೆ ಹಾರಿದ.

ಎರಡೂ ಕಡೆ ನಿರ್ಧಾರ ಹಿರಿಯರದು, ಸುಳ್ಳು ಮನೆಯವರದು. ನಿಜ ಬಂದದ್ದು ಹೊರಗಿನವರ ಬಾಯಿಂದ, ಅದೂ ಎಲ್ಲ ಮುಗಿದ ಮೇಲೆ.

ಇದನ್ನು ಇಲ್ಲಿ ಯಾಕೆ ಹೇಳುತ್ತಿದ್ದೇನೆ? ಈಗ ಒಂಟೆ ಹೀಥ್ರೂದಿಂದ ಹೊರಡುತ್ತದೆ. ಅಜ್ಜಿಗೆ ಹುಷಾರಿಲ್ಲ, ಎರಡು ವಾರ ಬಂದು ಹೋಗು ಎನ್ನುತ್ತಾರೆ. ಇಳಿದ ಮೇಲೆ ಪಾಸ್‌ಪೋರ್ಟ್ ದೊಡ್ಡಪ್ಪನ ಬೀರುವಿನಲ್ಲಿ, ಗಂಡು ಜಗಲಿಯಲ್ಲಿ. ನಮ್ಮವರಲ್ಲಿ ಇದೆಲ್ಲ ಇಲ್ಲ ಎಂದು ನೀವು ಅನ್ನಬಹುದು. ಬಲವಂತಕ್ಕೆ ಹಗ್ಗವೇ ಬೇಕೆಂದಿಲ್ಲ, ನೀನು ಒಪ್ಪದಿದ್ದರೆ ನಾನು ಉಳಿಯಲ್ಲ ಎಂಬ ಅಮ್ಮನ ಮಾತು ಸಾಕು. ಇಂಗ್ಲೆಂಡಿನಲ್ಲಿ ಬಲವಂತದ ಮದುವೆ 2014ರ ಜೂನ್‌ನಿಂದ ಅಪರಾಧ, ಏಳು ವರ್ಷದವರೆಗೆ ಜೈಲು. ಅದಕ್ಕಾಗಿ ದೇಶದಿಂದ ಹೊರಗೆ ಕರೆದೊಯ್ಯುವ ಮೋಸವೂ ಅದರಲ್ಲಿ ಸೇರಿದೆ. 2023ರ ಫೆಬ್ರವರಿಯಿಂದ ಮದುವೆಯ ಕನಿಷ್ಠ ವಯಸ್ಸು ಹದಿನೆಂಟು. ಸರಕಾರದ ಫೋರ್ಸ್ಡ್ ಮ್ಯಾರೇಜ್ ಯೂನಿಟ್ 2005ರಿಂದ ಇದೆ. ಭಯವಿದ್ದವರು ಹೊರಡುವ ಮೊದಲೇ ಫೋನ್ ಮಾಡಬಹುದು, ಅವರ ಪರವಾಗಿ ನಾವೂ ಮಾಡಬಹುದು.

ರಾಜ್ಯೋತ್ಸವದಲ್ಲಿ ನಮ್ಮ ಮಕ್ಕಳು ಕೆರೆಗೆ ಹಾರ ರೂಪಕ ಆಡಿದರೆ ನಾವೇ ಕಣ್ಣೊರೆಸಿಕೊಳ್ಳುತ್ತೇವೆ. ಅದೇ ವಾರ ಪರಿಚಯದವರ ಮಗಳೊಬ್ಬಳು ಮನೆಗೆ ಬಂದು, "ಆಂಟಿ, ಸುಮ್ಮನೆ ಬಂದೆ" ಅನ್ನಬಹುದು. ದಯವಿಟ್ಟು ಓಲೆಯ ಮಾತು ಬೇಡ. ಟೀ ಕೊಡಿ, ಬಾಗಿಲು ಹಾಕಿ, ಏನಾಯಿತು ಎಂದು ಎರಡನೇ ಸಲ ಕೇಳಿ. ಅವಳಾಗಿ ಹೇಳುವವರೆಗೆ ಅವಳ ಅಪ್ಪನಿಗೆ ಫೋನ್ ಮಾಡಬೇಡಿ.

ಹತ್ತು ನಿಮಿಷ ಪ್ರಶ್ನೆಗಳಿಗಿದೆ. ಮೊದಲು ಹಿಂದಿನ ಸಾಲಿನವರು ಕೇಳಲಿ.